ಹನ್ನೊಂದು ಸೆಕೆಂಡು

ಹಾಳೆಯಲ್ಲಿ ಒಂದೇ ಒಂದು ಚೌಕ ಖಾಲಿ ಉಳಿದಿತ್ತು. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಏಳು ಗಂಟೆಯ ಬಸ್ಸಿನಲ್ಲಿ, ಎಡಗಡೆಯ ಕಿಟಕಿಗೆ ಅಂಟಿಕೊಂಡು ಕೂತ ಮಹಾರುದ್ರಪ್ಪ ಅದನ್ನು ಮೂರನೆಯ ಸಲ ತೆಗೆದು ನೋಡಿ, ಮೂರನೆಯ ಸಲ ಮಡಿಚಿ ಅಂಗಿಯ ಜೇಬಿಗೆ ಸೇರಿಸಿದ. ಎಡಗಡೆಯ ಕಿಟಕಿಯನ್ನು ಅವನು ಆರಿಸಿಕೊಂಡದ್ದು ಗಾಳಿಗಾಗಿ ಆಗಿರಲಿಲ್ಲ. ಸತ್ತ ಎಡಗಿವಿ ಬಯಲಿನ ಕಡೆಗಿದ್ದರೆ ಅರೆಜೀವದ ಬಲಗಿವಿ ಮನುಷ್ಯರ ಪಾಲಿಗೆ ಉಳಿಯುತ್ತಿತ್ತು. ಎರಡು ವರ್ಷಗಳಿಂದ ಅವನು ಎಲ್ಲಿ ಕೂತರೂ ಮೊದಲು ಈ ವಿಚಾರ. ಮದುವೆಯ ಪಂಕ್ತಿಯಲ್ಲಿ ಎಡದ ತುದಿ, ಮೀಟಿಂಗಿನಲ್ಲಿ ಎಡಕ್ಕೆ ಗೋಡೆ. ರಾಜೇಶ್ವರದಲ್ಲಿ ಹತ್ತಿದ ಯಾರೋ ಪಕ್ಕದಲ್ಲಿ ಕೂತು ಏನೋ ಕೇಳಿದರು. ಬಸ್ಸಿನ ಗದ್ದಲದಲ್ಲಿ ಮಾತು ಅವನವರೆಗೆ ಬರಲಿಲ್ಲ. 'ಹೂಂ' ಎಂದ. ಹೂಂ ಎನ್ನುವುದು ಈಚೆಗೆ ಅವನಿಗೆ ಬಾಗಿಲಿಗೆ ಹಾಕುವ ಅಗುಳಿಯಾಗಿಬಿಟ್ಟಿತ್ತು. ಪಕ್ಕದವರು ಒಂದು ಕ್ಷಣ ಅವನನ್ನೇ ನೋಡಿ, ಮುಂದಿನ ಸೀಟಿನವರನ್ನು ಅದೇ ಪ್ರಶ್ನೆ ಕೇಳಿದರು. ಹೂಂ ಅನ್ನಬಾರದ ಪ್ರಶ್ನೆಯಾಗಿತ್ತೇನೋ. ಕಿಟಕಿಯಾಚೆ ತೊಗರಿಯ ಹೊಲಗಳು ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದವು; ಅವುಗಳಲ್ಲಿ ಹಕ್ಕಿಗಳು ಇದ್ದಿರಬೇಕು, ಕೂಗಿಯೂ ಇರಬೇಕು.

ಹಾಳೆಯಲ್ಲಿ ಬರೆದಿದ್ದುದು ಅವನು ಸೂಪರ್‌ವೈಸರ್ ಆಗಿರುವ ಎರಕದ ಕಾರ್ಖಾನೆಯ ದ್ರೌಪತಿಯ ಕೆಲಸ. ಟ್ರಾಲಿಯ ಗಾಲಿಯ ನಡುವೆ ಕೂರುವ ಎರಕದ ಗುಂಬವನ್ನು, ಇವರ ಮಾತಿನಲ್ಲಿ ಹಬ್, ಎತ್ತಿ ಕೊಕ್ಕೆಗೆ ತೂಗುಹಾಕುವುದು, ಆರು ಸೆಕೆಂಡು. ಸುತ್ತಿಗೆಯಿಂದ ಒಮ್ಮೆ ತಟ್ಟುವುದು, ಒಂದು. ಸುಮ್ಮನೆ ನಿಲ್ಲುವುದು, ಹನ್ನೊಂದು. ಇಳಿಸುವುದು, ಐದು. ಪ್ರತಿಯೊಂದರ ಮುಂದೆ 'ಕೆಲಸ' ಅಥವಾ 'ವ್ಯರ್ಥ' ಎಂದು ಬರೆಯಬೇಕು. ಮೂರನೆಯದರ ಮುಂದಿನ ಚೌಕ ಬೋಳಾಗಿತ್ತು. ಆದರೆ 'ಸುಮ್ಮನೆ ನಿಲ್ಲುವುದು' ಎಂಬ ಅಕ್ಷರಗಳು ಅವನವೇ. ನಿನ್ನೆ ಗಡಿಯಾರ ಹಿಡಿದು ನಿಂತಾಗ ಕೈ ತಾನಾಗಿ ಬರೆದುಬಿಟ್ಟಿತ್ತು. ಇವತ್ತು ಮೂರು ಗಂಟೆಗೆ ಆ ಚೌಕ ತುಂಬಬೇಕು. ಹನ್ನೊಂದು ಸೆಕೆಂಡು ವ್ಯರ್ಥವಾದರೆ ಅವಳು ನಿಲ್ಲುವ ಮೇಜೇ ವ್ಯರ್ಥ; ಮೇಜು ವ್ಯರ್ಥವಾದರೆ ಗುತ್ತಿಗೆಯ ಮೇಲೆ ದುಡಿಯುವ ದ್ರೌಪತಿಗೆ ತಿಂಗಳ ಕೊನೆಗೆ ಕಾರ್ಖಾನೆಯ ಗೇಟು ಮುಚ್ಚುತ್ತದೆ.

ಈ ವ್ಯರ್ಥದ ಶೋಧ ಶುರುವಾಗಿ ಮೂರು ವಾರವಾಗಿತ್ತು. ಕಾರ್ಖಾನೆಯ ಖರ್ಚು ತಗ್ಗಿಸಲು ಪುಣೆಯಿಂದ ಕರೆಸಿದ ಸ್ನೇಹಲ್ ಎಂಬ ಹುಡುಗಿ, ತಾಯಿಯ ಕಡೆಯಿಂದ ಈ ಸೀಮೆಯವಳೇ ಆದ್ದರಿಂದ ಮರಾಠಿ ಬೆರೆಸಿದ ಕನ್ನಡದಲ್ಲಿ, ವ್ಯರ್ಥಕ್ಕೆ ಏಳು ಮುಖಗಳಿವೆ ಎಂದು ಗೋಡೆಗೆ ಚಿತ್ರ ಹಚ್ಚಿ ತೋರಿಸಿದ್ದಳು. ಬೇಡದ್ದನ್ನು ಮಾಡುವುದು, ಮಾಡಿದ್ದನ್ನು ಕೂಡಿಡುವುದು, ಕಾಯುವುದು, ಸುಳ್ಳೇ ನಡೆದಾಡುವುದು. ಬಳಕೆಯಿಲ್ಲದೆ ಬಿದ್ದ ಪ್ರತಿ ವಸ್ತುವಿಗೂ ಕೆಂಪು ಚೀಟಿ ಕಟ್ಟಬೇಕು. ಒಂದು ತಿಂಗಳೊಳಗೆ ಯಾರೂ ಅದನ್ನು ಕೇಳಿಕೊಂಡು ಬರದಿದ್ದರೆ ಅದು ಹೊರಗೆ. ಮಹಾರುದ್ರಪ್ಪ ಕೆಟ್ಟ ಮೋಟಾರುಗಳಿಗೆ ಕಟ್ಟಿದ, ಕಾಲು ಮುರಿದ ಬೆಂಚಿಗೆ ಕಟ್ಟಿದ, ಹತ್ತು ವರ್ಷದಿಂದ ಯಾರೂ ತೆರೆಯದ ಕಪಾಟಿಗೆ ಕಟ್ಟಿದ. ಕಟ್ಟುತ್ತ ಕಟ್ಟುತ್ತ ಅವನ ಕಣ್ಣಿಗೆ ಒಂದು ರೋಗ ಹತ್ತಿತು. ಮನೆಯಲ್ಲಿ ಹೆಂಡತಿ ಮೀರಾಬಾಯಿ ಒಲೆಯಿಂದ ನೀರಿನ ಕೊಡಕ್ಕೂ ಕೊಡದಿಂದ ಒಲೆಗೂ ನಡೆಯುವುದನ್ನು ನೋಡುತ್ತ ಕೂತವನ ತುಟಿ ಅಲ್ಲಾಡುತ್ತಿತ್ತು. "ಏನ್ ಎಣಸಾಕತ್ತೀರಿ? ನನ್ನ ಹೆಜ್ಜಿನಾ?" ಎಂದು ಅವಳು ಕೇಳಿದ್ದಳು. ಅದೇ ಅಡಿಗೆಮನೆಯಲ್ಲಿ, ಹೋದ ದೀಪಾವಳಿಗೆ ಮುಂಚೆ, ಅವಳು ಪಕ್ಕದ ಮನೆಗೆ ಹೋಗುವಾಗ ಮೂರು ಸೀಟಿಗೆ ಕುಕ್ಕರ್ ಇಳಿಸಿರಿ ಎಂದು ಹೇಳಿ ಹೋಗಿದ್ದಳು. ಅವನು ಅಡಿಗೆಮನೆಯ ಹೊಸ್ತಿಲಲ್ಲೇ ಕೂತು ಸೀಟಿಗಾಗಿ ಕಾದ. ಬೇಳೆ ಸೀದ ವಾಸನೆ ಬಂದಾಗಲೂ ಕಾಯುತ್ತಲೇ ಇದ್ದ. ಮೀರಾಬಾಯಿ ಓಡಿ ಬಂದು ಒಲೆ ಆರಿಸಿ, ಅವನ ಮುಖವನ್ನು ಬಹಳ ಹೊತ್ತು ನೋಡಿ, ಕಿಟಕಿ ತೆರೆದಳು. ಪೇಪರ್ ಓದುತ್ತಿದ್ದೆ ಎಂದು ಅವನು ಹೇಳಿದ. ಕೈಯಲ್ಲಿ ಪೇಪರ್ ಇರಲಿಲ್ಲ.

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಇಳಿದು ಗೇಟು ದಾಟಿದಾಗ ಎಂಟು. ಭಟ್ಟಿಯ ಬಿಸಿ ಮುಖಕ್ಕೆ ಹೊಡೆಯಿತು. ಅದರ ಮೊರೆತ ಅವನಿಗೆ ಈಗ ಎದೆಗೂಡಿನಲ್ಲಿ, ಅಂಗಾಲಿನಲ್ಲಿ ತಿಳಿಯುತ್ತಿತ್ತು. ಮೂವತ್ತೊಂದು ವರ್ಷ ಇದೇ ಮೊರೆತ, ಎರಕದ ಅಂಚು ಕಡಿಯುವ ಇದೇ ಉಳಿಗಳ ಚೀರಾಟ ಅವನ ಕಿವಿಯೊಳಗಿನ ಎಳೆಗಳನ್ನು ಒಂದೊಂದಾಗಿ ಕಿತ್ತಿದ್ದವು. ಮೊದಲು ಹೋದವು ತೆಳ್ಳನೆಯ ಸದ್ದುಗಳು: ಜೀರುಂಡೆ, ಕಾಲ್ಗೆಜ್ಜೆ, ಕುಕ್ಕರಿನ ಸೀಟಿ. ದಪ್ಪ ಸದ್ದುಗಳು, ಹತ್ತಿರದ ಮಾತು, ಬಲಗಡೆ ಇನ್ನೂ ಉಳಿದಿದ್ದವು. ಉಸುಕಿನ ಅಚ್ಚು ಮಾಡುವ ಖಾಜಾ, ತನ್ನ ನಡಿಗೆಯ ಗೆರೆಗಳನ್ನು ಸ್ನೇಹಲ್ ಕಾಗದದ ಮೇಲೆ ಎಳೆದು ಗೋಡೆಗೆ ಹಚ್ಚಿದ್ದನ್ನು ತೋರಿಸುತ್ತ ಅಡ್ಡ ಬಂದ. ಕಾರ್ಖಾನೆಯ ನಕ್ಷೆಯ ಮೇಲೆ ಅವನ ಒಂದು ದಿನದ ಓಡಾಟ ಕೆಂಪು ದಾರದ ಸಿಕ್ಕಿನಂತೆ ಬಿದ್ದಿತ್ತು. ಕೆಲಸಗಾರರು ಅದಕ್ಕೆ ಶಾವಿಗೆಯ ಚಿತ್ರ ಎಂದು ಹೆಸರಿಟ್ಟಿದ್ದರು.

"ಸಾಹೇಬ್ರ, ಎಲ್ಲಾರಗಿಂತ ನನ್ನ ಶಾವಿಗಿನೇ ಉದ್ದ ಅದಂತ. ತಗದಿಡ್ರಿ, ಈದಿಗಿ ಶೀರ್ ಖುರ್ಮಾಕ್ಕ ಆಗ್ತದ."

ಸುತ್ತಲಿದ್ದವರು ನಕ್ಕರು. ಮಹಾರುದ್ರಪ್ಪ ಅವರ ಮುಖ ನೋಡಿಕೊಂಡು ಅರೆಕ್ಷಣ ತಡವಾಗಿ ನಕ್ಕ. ಈ ತಡವಾದ ನಗೆಯನ್ನು ಅವನು ಬಲ್ಲ. ಹಿಂದೆ ಭಟ್ಟಿಯ ಮೇಲೆ ಬಕ್ಕಪ್ಪನೆಂಬ ಮುದುಕನಿದ್ದ. ಅವನ ಎರಡೂ ಕಿವಿ ಹೋಗಿದ್ದವು. ಹಿಂದಿನಿಂದ ಅವನ ಹೆಂಡತಿಯ ಹೆಸರು ಹಿಡಿದು ಏನಾದರೂ ಹೊಲಸು ಮಾತಾಡುವುದು, ಅವನು ತಿರುಗಿ ನೋಡಿದ ಕೂಡಲೇ ಎಲ್ಲರೂ ನಗುವುದು, ಎಲ್ಲರೂ ನಗುತ್ತಿದ್ದಾರೆಂದು ಅವನೂ ನಗುವುದು; ಇದು ಊಟದ ಹೊತ್ತಿನ ಆಟವಾಗಿತ್ತು. ಆಗ ಹೊಸದಾಗಿ ಸೂಪರ್‌ವೈಸರ್ ಆಗಿದ್ದ ಮಹಾರುದ್ರಪ್ಪನೂ ನಕ್ಕಿದ್ದ. ಒಮ್ಮೆ ತಾನೇ ಮಾತು ಹೊಂದಿಸಿಕೊಟ್ಟಿದ್ದ. ಬಕ್ಕಪ್ಪನ ಆ ನಗೆ, ಹಲ್ಲಿಲ್ಲದ, ಸೇರಿಸಿಕೊಳ್ಳಿರೆಂದು ಬೇಡುವ ಆ ನಗೆ, ಈಗ ತನ್ನ ತುಟಿಗಳ ಮೇಲೆ ಬಂದು ಕೂತಿದೆ ಎಂದು ಅವನಿಗೆ ಕನ್ನಡಿ ನೋಡದೆಯೂ ಗೊತ್ತಾಯಿತು. ನಿವೃತ್ತಿಗೆ ಒಂದು ವರ್ಷ ನಾಲ್ಕು ತಿಂಗಳು ಉಳಿದಿದ್ದವು. ಅಷ್ಟು ದಿನ ಮಾತ್ರ ಯಾರೂ ತನ್ನ ಹಿಂದಿನಿಂದ ಮಾತಾಡದಿದ್ದರೆ ಸಾಕು. ವರ್ಷಕ್ಕೊಮ್ಮೆ ಬರುವ ಕಿವಿ ಪರೀಕ್ಷೆಯ ವ್ಯಾನನ್ನು ಎರಡು ಸಲ ದಾಟಿದ್ದ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಗಾಜಿನಾಚೆ ಸದ್ದು ಬಿಡುವವನ ಬೆರಳು ಅಲುಗಿದಾಗಲೆಲ್ಲ ಇವನು ಒತ್ತಿದ್ದ. ಕಾಗದದಲ್ಲಿ ಅವನ ಕಿವಿ ಇಪ್ಪತ್ತು ವರ್ಷದ ತರುಣನದಾಗಿತ್ತು.

ದ್ರೌಪತಿಯ ಮೇಜು ಶೆಡ್ಡಿನ ಪೂರ್ವದ ಕೊನೆಯಲ್ಲಿ, ಭಟ್ಟಿಯಿಂದ ಆದಷ್ಟು ದೂರದಲ್ಲಿತ್ತು. ದುಬಲಗುಂಡಿಯಿಂದ ಬಸ್ಸಿಗೆ ಬರುವ ನಲವತ್ತೈದರ ಹೆಂಗಸು ಅವಳು; ತಲೆಯ ಮೇಲೆ ಸೆರಗು ಬಿಗಿದು, ಸೀರೆಯ ಮೇಲೆ ಕಾರ್ಖಾನೆಯ ನೀಲಿ ಅಂಗಿ ತೊಟ್ಟಿದ್ದಳು. ಹಬ್ ತೂಗುಹಾಕಿದಳು, ತಟ್ಟಿದಳು, ಕಣ್ಣು ಮುಚ್ಚಿ ನಿಂತಳು. ಮಹಾರುದ್ರಪ್ಪನ ಕಿವಿಗೆ ಬಂದದ್ದು ಒಂದು 'ಟಪ್'. ಅದರ ಹಿಂದೆ ಇದ್ದಿರಬೇಕಾದ ಉದ್ದನೆಯ ದನಿ, ಕಬ್ಬಿಣದ ಮೈಯಲ್ಲಿ ಹೊರಟು ಸುತ್ತಿ ಸುತ್ತಿ ತೆಳುವಾಗಿ ಗಾಳಿಗೆ ಸೇರುವ ಆ ದನಿ, ಅವಳ ಮುಖದ ಮೇಲೆ ಮಾತ್ರ ಕಾಣುತ್ತಿತ್ತು. ಹುಬ್ಬು ಸ್ವಲ್ಪ ಏರಿ, ನಿಂತು, ಇಳಿಯುತ್ತಿತ್ತು. ಮಂಠಾಳದ ಸಂತೆಯಲ್ಲಿ ಅವನ ತಾಯಿ ಹೀಗೆಯೇ ಮಣ್ಣಿನ ಕೊಡವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ಕಣ್ಣು ಮುಚ್ಚುತ್ತಿದ್ದಳು. ಒಂದಲ್ಲ, ಏಳೆಂಟು ಕೊಡ. ಕುಂಬಾರ ಬೇಸರಿಸಿ ಏನೋ ಅಂದರೆ ಇವನು ನಾಚಿಕೆಯಿಂದ ತಾಯಿಯ ಸೆರಗು ಜಗ್ಗುತ್ತಿದ್ದ, ಸಾಕು ನಡಿ ಎಂದು. ನೀರು ನಿಲ್ಲುತ್ತದೋ ಇಲ್ಲವೋ ಕೊಡವೇ ಹೇಳುತ್ತದೆ, ಅದು ಹೇಳಿ ಮುಗಿಸಲಿ ಎನ್ನುತ್ತಿದ್ದಳು ಅವಳು. ಹೇಳಿ ಮುಗಿಸಲಿ. ಏಳು ವರ್ಷದ ಹಿಂದೆ, ಉಸುಕಿನ ಬುಟ್ಟಿ ಹೊರುತ್ತಿದ್ದ ದ್ರೌಪತಿ, ದೂರದಲ್ಲಿ ಉರುಳಿ ಬಿದ್ದ ಹಬ್ಬಿನ ಸದ್ದಿಗೆ ಕತ್ತು ತಿರುಗಿಸಿ, ಅದು ಒಡೆದದ ಎಂದಿದ್ದಳು. ಮೇಲೆ ಒಂದು ಗೆರೆಯೂ ಇರಲಿಲ್ಲ. ಅವನು ಹಟಕ್ಕೆ ಬಿದ್ದು ಅದನ್ನು ಘನದಿಂದ, ಎರಡು ಕೈಯ ದೊಡ್ಡ ಸುತ್ತಿಗೆಯಿಂದ, ಒಡೆಸಿ ನೋಡಿದ. ಹೊಸದಾಗಿ ಒಡೆದ ಭಾಗ ಸಕ್ಕರೆಯ ಹರಳಿನಂತೆ ಬೆಳ್ಳಗೆ ಮಿನುಗುತ್ತಿತ್ತು. ಒಳಗೆ ಒಂದು ಕಡೆ ಉಗುರಿನಗಲ ಕಪ್ಪು, ಎರಕ ಆರುವಾಗಲೇ ಬಿಟ್ಟ ಹಳೆಯ ಬಿರುಕು. ಮರುದಿನವೇ ಬುಟ್ಟಿ ಬಿಡಿಸಿ ಅವಳ ಕೈಗೆ ಸುತ್ತಿಗೆ ಕೊಟ್ಟವನು ಅವನು. ಸಪ್ಪಳ ಸಾಯುವ ತನಕ ನಿಲ್ಲು, ಒಡೆದದ್ದರ ದನಿ ಬೇಗ ಸಾಯುತ್ತದೆ, ನಡುವೆ ಕೈ ಹಚ್ಚಬೇಡ ಎಂದು ಕಲಿಸಿದವನೂ ಅವನೇ. ಆ ಹನ್ನೊಂದು ಸೆಕೆಂಡು ಅವನದೇ ಪಾಠವಾಗಿತ್ತು.

ದ್ರೌಪತಿ ಕಣ್ಣು ತೆರೆದಳು. ಮುಂದಿನ ಹಬ್ ತಟ್ಟಿದಾಗ ಆ ಹುಬ್ಬು ಏರಲೇ ಇಲ್ಲ; ಅದರ ಮೇಲೆ ಸುಣ್ಣದ ಕಡ್ಡಿಯಿಂದ ಕತ್ತರಿ ಗುರುತು ಹಾಕಿ ಕೆಳಗಿಳಿಸಿ, ಬೇರೆ ಇಟ್ಟಳು. ಆಮೇಲೆ ಮೇಜನ್ನು ಸುತ್ತಿ ಬಂದು ಅವನ ಬಲಗಡೆ ನಿಂತು, ತನ್ನ ಸಾಲಿನಲ್ಲಿ ಏನು ಬರೆದಿದ್ದಾರೆಂದು ಕೇಳಿದಳು. ಇಷ್ಟು ಸ್ಪಷ್ಟವಾಗಿ ಕೇಳಿದ ಮಾತಿಗೂ ಅವನು ಹೂಂ ಎಂದ. ಅವಳು ಹೋಗಿ ಇನ್ನೊಂದು ಹಬ್ ಎತ್ತಿದಳು.

ಮೂರು ಗಂಟೆಗೆ ಆ ಮೇಜಿನ ಸುತ್ತ ಎಲ್ಲರೂ ಸೇರಿದರು. ಸ್ನೇಹಲ್, ಕಾರ್ಖಾನೆಯ ಮ್ಯಾನೇಜರ್ ಗುರುಶಾಂತ, ಖಾಜಾ, ಇನ್ನಿಬ್ಬರು. ದಿನಕ್ಕೆ ಮುನ್ನೂರು ಹಬ್ಬಿಗೆ ಹನ್ನೊಂದು ಸೆಕೆಂಡಿನಂತೆ ಸುಮಾರು ಒಂದು ಗಂಟೆ ಎಂದು ಗುರುಶಾಂತ ಬೆರಳು ಮಡಿಸಿದ. ಒಂದು ಗಂಟೆ ಒಬ್ಬ ಹೆಂಗಸು ಕಣ್ಣು ಮುಚ್ಚಿ ನಿಲ್ಲುವುದಕ್ಕೆ ಕೊಡುವ ಸಂಬಳ ಎಂದು ನಕ್ಕ. ಸ್ನೇಹಲ್ ನಗಲಿಲ್ಲ. ತಿರಸ್ಕರಿಸಿದ ಹಬ್ಬುಗಳಲ್ಲಿ ನಿಜವಾಗಿ ಬಿರುಕಿತ್ತೇ ಎಂದು ಯಾರಾದರೂ ನೋಡಿದ ದಾಖಲೆ ಇದೆಯೇ ಎಂದು ಕೇಳಿದಳು. ಇರಲಿಲ್ಲ. ಕತ್ತರಿ ಗುರುತಿನವು ಸಂಜೆಗೆ ಭಟ್ಟಿಗೆ ಹೋಗಿ ಕರಗಿಬಿಡುತ್ತಿದ್ದವು; ಅದೇ ಇಲ್ಲಿಯ ಪದ್ಧತಿ. ಆಗ ಅವಳು ಎರಡು ಕೊಕ್ಕೆಗಳಿಗೆ ಎರಡು ಹಬ್ ತೂಗುಹಾಕಿಸಿದಳು. ಒಂದು ದ್ರೌಪತಿ ಒಪ್ಪಿದ್ದು, ಇನ್ನೊಂದು ಬೆಳಗಿನ ಕತ್ತರಿ ಗುರುತಿನದು. ಮಹಾರುದ್ರಪ್ಪನ ಕಡೆ ತಿರುಗಿ, ಶಾಲೆಯ ಮಾಸ್ತರರನ್ನು ಮಾತಾಡಿಸುವ ಮರ್ಯಾದೆಯಿಂದ ಹೇಳಿದಳು:

"ಕಾಕಾ, ನಿಮ್ಮದು ಮೂವತ್ತೊಂದು ವರ್ಷದ ಅನುಭವ. ನೀವು ಫರಕ್ ಅದ ಅಂದ್ರ ನಾ ಈ ಮೇಜು ಮುಟ್ಟೂದಿಲ್ಲ. ಬರೇ ನಿಮ್ಮ ಕಿವಿಗಿ ಏನ್ ಕೇಳಸ್ತದ ಹೇಳ್ರಿ."

ಸುತ್ತಿಗೆ ಅವಳೇ ಎತ್ತಿಕೊಂಡಳು. ಒಂದಕ್ಕೆ ತಟ್ಟಿದಳು: ಟಪ್. ಎಲ್ಲರೂ ಮಿಸುಕದೆ ನಿಂತರು. ಆ ಮೌನದೊಳಗೆ ಏನೋ ನಡೆಯುತ್ತಿತ್ತು, ಅವನೊಬ್ಬನನ್ನು ಹೊರಗಿಟ್ಟು. ಇನ್ನೊಂದಕ್ಕೆ ತಟ್ಟಿದಳು: ಟಪ್. ಗಾಜಿನಾಚೆಯ ಬೆರಳಿಗಾಗಿ ಹುಡುಕುವಂತೆ ಅವನ ಕಣ್ಣು ತಾನಾಗಿ ದ್ರೌಪತಿಯ ಮುಖಕ್ಕೆ ಹೋಯಿತು. ಅವಳ ಒಂದು ಹುಬ್ಬು, ಒಂದು ರೆಪ್ಪೆ ಸಾಕಾಗಿತ್ತು. ಆದರೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಮುಖ ನೆಲದ ಕಡೆಗಿತ್ತು. ಯಾವುದರ ಮೇಲೆ ಗುರುತಿತ್ತೆಂದು ಅವನ ಕಣ್ಣಿಗೇ ಕಾಣುತ್ತಿತ್ತಲ್ಲ, ಇದರಲ್ಲಿ ಫರಕ್ ಇದೆ ಎಂದು ಬಿಟ್ಟರೆ ಮುಗಿಯಿತಲ್ಲ ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಹಾಗೆಂದರೆ ಎಂಥ ಫರಕ್ ಎಂದು ಆ ಹುಡುಗಿ ಕೇಳುತ್ತಾಳೆ. ಗುರುತು ಒರೆಸಿ, ಹಿಂದುಮುಂದು ಮಾಡಿ, ಮತ್ತೊಮ್ಮೆ ತಟ್ಟಿ ಈಗ ಯಾವುದು ಎನ್ನುತ್ತಾಳೆ. ಆಗ ಎಲ್ಲರ ಎದುರಿಗೆ, ಖಾಜಾನ ಎದುರಿಗೆ, ಬಕ್ಕಪ್ಪನ ನಗೆ ನಗುತ್ತ ಅವನು ನಿಲ್ಲಬೇಕಾಗುತ್ತದೆ. ಅವನ ಬಾಯಿ ತೆರೆದುಕೊಂಡಿತು.

"ಏನೂ ಫರಕ್ ಇಲ್ಲ. ಎರಡೂ ಒಂದೇ."

ದ್ರೌಪತಿ ಕಣ್ಣು ತೆರೆದು ಅವನನ್ನು ನೋಡಿದಳು. ಸಿಟ್ಟು ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಲ್ಲಿ ಇದ್ದದ್ದು ಬಹಳ ದಿನದಿಂದ ಕಾಯುತ್ತಿದ್ದ ಒಂದು ಮಾತು ಬಾರದೆ ಹೋದಾಗಿನ ದಣಿವು. ಸ್ನೇಹಲ್ ತನಗೆ ಏನೋ ಬೇರೆ ಕೇಳಿಸಿದಂತಾಯಿತು ಎಂದಳು. ಹಿರಿಯರು ಹೇಳಿದ ಮೇಲೆ ತನ್ನದೇನು ಎಂದು ಸುತ್ತಿಗೆ ಕೆಳಗಿಟ್ಟಳು. ಗುರುಶಾಂತ ಹಳೆಯ ಬಟ್ಟೆಯ ಚೂರಿನಿಂದ ಕತ್ತರಿ ಗುರುತನ್ನು ಒರೆಸಿ, ಆ ಹಬ್ಬನ್ನು ಇಳಿಸಿ, ಕಾಲಿನಿಂದ ಮೆಲ್ಲಗೆ ಉರುಳಿಸಿ ಒಪ್ಪಿದವುಗಳ ರಾಶಿಗೆ ಸೇರಿಸಿದ. ಮಹಾರುದ್ರಪ್ಪ ಹಾಳೆ ತೆಗೆದು ಖಾಲಿ ಚೌಕದಲ್ಲಿ 'ವ್ಯರ್ಥ' ಎಂದು ಬರೆದ. ಅಕ್ಷರ ದುಂಡಗೆ, ಚೆನ್ನಾಗಿ ಬಂತು. ಸುತ್ತಿಗೆಗೆ ಕೆಂಪು ಚೀಟಿ ಕಟ್ಟಲು ಗುರುಶಾಂತ ಹೇಳಿದ್ದನ್ನೂ ಮಾಡಿದ. ಗಂಟು ಹಾಕುವಾಗ, ಏಳು ವರ್ಷದಲ್ಲಿ ಸವೆದು ಒಬ್ಬಳೇ ಹೆಂಗಸಿನ ಅಂಗೈಯ ಆಕಾರ ಪಡೆದಿದ್ದ ಅದರ ಹಿಡಿ ಅವನ ಬೆರಳಿಗೆ ತಗುಲಿತು.

ಆಮೇಲಿನ ಎರಡು ಗಂಟೆ ಅವನು ಏನು ಮಾಡಿದನೆಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದ. ಕನ್ನಡಿಯ ಎದುರು ಬೆರಳು ಚಿಟಿಕೆ ಹೊಡೆದು ನೋಡಿಕೊಂಡ, ಎಡಗಡೆ, ಬಲಗಡೆ. ಇಂಥ ಬಿರುಕು ಎಷ್ಟೋ ಇರುತ್ತವೆ, ಎಲ್ಲವೂ ಒಡೆಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಟ್ರಾಲಿ ಮಾಡುವವರು ಬೇರಿಂಗ್ ಕೂರಿಸಿ ಮೇಲೆ ಬಣ್ಣ ಬಳಿಯುತ್ತಾರೆ. ಮುಂದೆ ಅದನ್ನು ಯಾರೂ ನೋಡುವುದಿಲ್ಲ, ಒಡೆದರೂ ಯಾವ ಊರಿನ ಯಾವ ಹಬ್ಬೆಂದು ಯಾರಿಗೂ ತಿಳಿಯುವುದಿಲ್ಲ. ಹೀಗೆ ಅಂದುಕೊಂಡದ್ದೇ ತಡ, ಕಬ್ಬು ತುಂಬಿ ಒಂದು ಕಡೆಗೆ ವಾಲಿದ ಟ್ರಾಲಿಯೊಂದು ಅವನ ಒಳಗೆ ಸದ್ದಿಲ್ಲದೆ ನಡೆಯತೊಡಗಿತು. ಮೇಲೆ ಹೆಂಗಸರು ಕೂತಿದ್ದರು. ಅವರು ಏನೋ ಹಾಡುತ್ತಿದ್ದರು, ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಐದರ ಹೊತ್ತಿಗೆ ಅವನ ಕಾಲುಗಳು ಅವನನ್ನು ಸರಕು ತುಂಬುವ ಅಂಗಳಕ್ಕೆ ತಂದು ನಿಲ್ಲಿಸಿದ್ದವು. ಲಾರಿ ಹಿಂಬದಿ ಹಚ್ಚಿ ನಿಂತಿತ್ತು. ಮಧ್ಯಾಹ್ನದ ರಾಶಿಯ ನಲವತ್ತು ಹಬ್ಬುಗಳು ಸಾಲಾಗಿ ನೆಲದ ಮೇಲಿದ್ದವು. ಆ ಒಂದನ್ನು ಸರಿಸಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಅವನು ಬಾಗಿದ. ನಲವತ್ತೂ ಒಂದೇ ಬಣ್ಣ, ಒಂದೇ ಮೈ. ಎಣಿಕೆಗೆ ಹಾಕಿ ಒರೆಸಿದ ಸುಣ್ಣದ ಕಲೆ ಎಷ್ಟೋ ಹಬ್ಬುಗಳ ಮೇಲಿತ್ತು. ಅವನು ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿದ, ಕಿವಿ ಹಚ್ಚಿದ. ಇನ್ನೊಂದನ್ನು ತಟ್ಟಿದ. ಕಬ್ಬಿಣ ಕಿವಿಗೆ ತಣ್ಣಗೆ ಹತ್ತಿತು, ಅಷ್ಟೇ. ತಾನು ಕಳಿಸುತ್ತಿರುವುದು ಯಾವುದೆಂದು ತನಗೂ ಗೊತ್ತಿಲ್ಲವೆಂಬುದು ಆಗ ಅವನಿಗೆ ತಿಳಿಯಿತು.

ಗೇಟಿನ ಹೊರಗೆ ದುಬಲಗುಂಡಿಯ ಬಸ್ಸಿಗೆ ಕಾಯುತ್ತಿದ್ದವರ ನಡುವೆ ದ್ರೌಪತಿ ನಿಂತಿದ್ದಳು, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು. ಅವನು ಅವಳನ್ನು ಗುಂಪಿನಿಂದ ಬೇರೆ ಕರೆದ. ಏನು ಹೇಳಬೇಕೆಂದು ಹೊಂದಿಸಿಕೊಂಡಿರಲಿಲ್ಲ.

"ದ್ರೌಪತಿಬಾಯಿ, ಆ ಹಬ್ ಲಾರಿಗಿ ಏರಾಕತ್ತದ. ಯಾವುದಂತ ನನಗ ತಿಳಿಯವಲ್ದು."

"ಎರಡೂ ಒಂದೇ ಅಂದ್ರೆಲ್ಲ?"

"ನನಗ ಕೇಳಸೂದಿಲ್ಲ."

ಅವಳು ರಸ್ತೆಯ ಕಡೆ ನೋಡಿದಳು. ಬಸ್ ತಿರುವಿನಲ್ಲಿ ಕಾಣಿಸಿಕೊಂಡಿತ್ತು.

"ಗೊತ್ತದರಿ. ಎರಡು ವರ್ಷ ಆತು. ಅದಕ್ಕ ಯಾವತ್ತೂ ನಿಮ್ಮ ಬಲಕ್ಕ ಬಂದು ಮಾತಾಡ್ತಿದ್ದೆ."

"ಯಾರಿಗೂ ಹೇಳಲಿಲ್ಲ ಯಾಕ?"

"ನೀವೇ ಹೇಳ್ತೀರಿ ಅಂತ. ಮೂರು ಗಂಟಿಗಾದರೂ ಹೇಳ್ತೀರಿ ಅಂದಕೊಂಡಿದ್ದೆ."

ಬಸ್ ಬಂದು ನಿಂತಿತು, ಜನ ಹತ್ತಿದರು. ದ್ರೌಪತಿ ಹತ್ತಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಗೇಟಿನ ಕಡೆ ಹೊರಟಳು. ಅವನ ಮುಖದಲ್ಲಿ ಏನು ಕಂಡಳೋ, ನಡೆಯುತ್ತಲೇ ಹೇಳಿದಳು: "ನಿಮ್ಮ ಸಲುವಾಗಿ ಬರಾಕತ್ತಿಲ್ಲರಿ. ಕಬ್ಬು ಕಡಿಯಾಕ ನಮ್ಮ ಮಂದಿ ಅದೇ ಟ್ರಾಲಿ ಮ್ಯಾಲ ಕೂತು ಹೋಗ್ತಾರ."

ಅಂಗಳದಲ್ಲಿ ಹತ್ತಾರು ಹಬ್ಬುಗಳು ಆಗಲೇ ಲಾರಿ ಸೇರಿದ್ದವು. ಮಹಾರುದ್ರಪ್ಪ ಎಲ್ಲವನ್ನೂ ಇಳಿಸಲು ಹೇಳಿದ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಡ್ರೈವರ್ ಗೊಣಗಿದ. ಖಾಜಾ ಒಳಗಿನಿಂದ ಸುತ್ತಿಗೆ ತಂದುಕೊಟ್ಟ. ಅದರ ಹಿಡಿಯಲ್ಲಿ ಕೆಂಪು ಚೀಟಿ ಇನ್ನೂ ತೂಗಾಡುತ್ತಿತ್ತು. ಹಗ್ಗದ ಕೊಕ್ಕೆಗೆ ಮೊದಲ ಹಬ್ ಏರುವಷ್ಟರಲ್ಲಿ ಖಾಜಾನ ಕಣ್ಣು ಮಹಾರುದ್ರಪ್ಪನ ಹೆಗಲಾಚೆ ಹೋಗಿ ನಿಂತಿತು. ಹಮಾಲರ ಕೈ ನಿಂತವು. ಎಲ್ಲರೂ ಅವನ ಎಡಗಡೆ, ಸ್ವಲ್ಪ ಹಿಂದಕ್ಕೆ ನೋಡುತ್ತಿದ್ದರು. ಆಮೇಲೆ, ಯಾಕೆ ತಿರುಗುತ್ತಿಲ್ಲವೆಂದು, ಅವನನ್ನು. ಯಾರೋ ಕೂಗುತ್ತಿರಬೇಕು, ಬಹುಶಃ ಮೂರನೆಯ ಸಲವೋ ನಾಲ್ಕನೆಯ ಸಲವೋ. ಅವನಿಗೆ ಬಕ್ಕಪ್ಪನ ಬೆನ್ನು ಕಂಡಿತು, ಬೆವರಿನಿಂದ ಅಂಟಿದ ಅಂಗಿಯ ಆ ಬೆನ್ನು. ಅಷ್ಟು ವರ್ಷ ಹಿಂದಿನಿಂದ ನೋಡಿದ್ದನ್ನು ಈಗ ಒಳಗಿನಿಂದ ನೋಡಿದಂತಾಯಿತು. ಅವನು ನಿಧಾನ ತಿರುಗಿದ. ಗುರುಶಾಂತ ಮೊಳದಂತರದಲ್ಲಿ ನಿಂತು ಕೆಂಪಗಾಗಿದ್ದ. ಅವನ ಹಿಂದೆ ಸ್ನೇಹಲ್.

"ಸಾಹೇಬ್ರ, ಈ ಕಡಿ ಬಂದು ಹೇಳ್ರಿ. ಆ ಕಿವಿ ಸತ್ತು ಎರಡು ವರ್ಷ ಆತು. ಈ ಕಿವಿನೂ ಅರ್ಧ ಹೋಗ್ಯಾದ. ಮಧ್ಯಾಹ್ನ ನನಗ ಎರಡೂ ಕೇಳಸಲಿಲ್ಲ. ಕೇಳಸಲಾರದ ಸುಳ್ಳು ಹೇಳೀನಿ."

ಹೇಳಿದ್ದು ಜೋರಾಗಿತ್ತೋ ಮೆತ್ತಗಿತ್ತೋ ಅವನಿಗೆ ಅಂದಾಜು ಸಿಗಲಿಲ್ಲ. ಯಾರೂ ನಗಲಿಲ್ಲ. ಖಾಜಾ ತಲೆ ತಗ್ಗಿಸಿದ. ಗುರುಶಾಂತ ಏನೋ ಹೇಳಲು ಬಾಯಿ ತೆರೆದವನು ಯಾವ ಕಡೆಯಿಂದ ಹೇಳಬೇಕೆಂದು ತಿಳಿಯದೆ ನಿಂತುಬಿಟ್ಟ. ಸ್ನೇಹಲ್ ಡ್ರೈವರನ ಕಡೆ ಕೈ ಮಾಡಿ ಇಂಜಿನ್ ಬಂದ್ ಮಾಡಲು ಹೇಳಿದಳು.

ದ್ರೌಪತಿ ತಟ್ಟಿದಳು, ನಿಂತಳು. ಇಳಿಸಿದರು. ಇನ್ನೊಂದು. ಅಂಗಳ ಪೂರ್ತಿ ಅವಳ ಜೊತೆ ನಿಂತಿತು, ಪ್ರತಿ ಹಬ್ಬಿಗೂ. ಮಹಾರುದ್ರಪ್ಪನ ಜೇಬಿನಲ್ಲಿ ಗಡಿಯಾರವಿತ್ತು, ಅವನು ತೆಗೆಯಲಿಲ್ಲ. ತೆಗೆಯದೆಯೂ ಅವನಿಗೆ ಆ ಅವಧಿ ಮೈಗೆ ಗೊತ್ತಿತ್ತು. ಒಂದು ಕಾಲಕ್ಕೆ ಅದು ದನಿ ತುಂಬಿದ್ದ ಕಾಲ. ಈಗ ಅವನು ಅದರ ದಂಡೆಯ ಮೇಲೆ ನಿಂತು ಇತರರ ಮುಖಗಳ ಮೇಲೆ ಅದು ಹಾದು ಹೋಗುವುದನ್ನು ನೋಡುತ್ತಿದ್ದ. ಹಮಾಲರೂ ಕಿವಿಗೊಟ್ಟಿದ್ದರು, ಡ್ರೈವರನೂ. ಇಪ್ಪತ್ತೇಳನೆಯದಕ್ಕೆ ಅವಳು ಹನ್ನೊಂದರವರೆಗೆ ನಿಲ್ಲಲಿಲ್ಲ. ಕಣ್ಣು ತೆರೆದು, "ಇದರಿ" ಎಂದಳು. ಸುಣ್ಣದ ಕಡ್ಡಿ ಇರಲಿಲ್ಲ. ಮಹಾರುದ್ರಪ್ಪ ಸುತ್ತಿಗೆಯ ಹಿಡಿಯಿಂದ ಕೆಂಪು ಚೀಟಿ ಬಿಚ್ಚಿ ಆ ಹಬ್ಬಿಗೆ ಕಟ್ಟಿದ. ನಿಮಗೆ ಹೇಗೆ ಗೊತ್ತು ಎಂದು ಗುರುಶಾಂತ ಈಗ ಬಲಗಡೆ ಬಂದು ಕೇಳಿದ. ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು ಎಂದು ಇವನು ಹೇಳಿದ.

ಒಡೆಯಿರಿ ಎಂದಳು ಸ್ನೇಹಲ್. ಖಾಜಾ ಘನ ತಂದು ನಾಲ್ಕು ಏಟು ಹಾಕಿದ. ಬೆಳ್ಳಗೆ ಮಿನುಗುವ ಒಡಲಿನ ಒಂದು ಬದಿಗೆ ಎರಡು ಬೆರಳಗಲ ಕಪ್ಪು ಇತ್ತು. ಗುರುಶಾಂತ ಬಗ್ಗಿ ಅದನ್ನು ಮುಟ್ಟಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಉಳಿದ ಹದಿಮೂರನ್ನೂ ನೋಡಿಯೇ ಲಾರಿ ಬಿಡಿ ಎಂದಷ್ಟೇ ಹೇಳಿದ. ಹೋಗುವಾಗ, ನಾಳೆ ಹತ್ತು ಗಂಟೆಗೆ ಡಾಕ್ಟರರ ಹತ್ತಿರ ಹೋಗಿ ಬರಬೇಕು, ಅಲ್ಲಿಯವರೆಗೆ ಭಟ್ಟಿಯ ಕಡೆ ಕಾಲಿಡಬಾರದು ಎಂದು ಮಹಾರುದ್ರಪ್ಪನಿಗೆ ತಾಕೀತು ಮಾಡಿದ. ಕ್ರೇನಿನ ಸೀಟಿ ಕೇಳದವನನ್ನು ಯಾರೂ ಆ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಇದು ಅವನೇ ಹೊಸಬರಿಗೆ ಹೇಳುತ್ತಿದ್ದ ನಿಯಮ. ಸ್ನೇಹಲ್ ಹಾಳೆ ಕೇಳಿದಳು. ಕೊಡುವ ಮುಂಚೆ ಅವನು ಲಾರಿಯ ಬಾನೆಟ್ಟಿನ ಮೇಲೆ ಅದನ್ನು ಹರವಿ, 'ಸುಮ್ಮನೆ ನಿಲ್ಲುವುದು' ಎಂಬುದನ್ನು ಹೊಡೆದುಹಾಕಿ ಮೇಲೆ 'ಕೇಳುವುದು' ಎಂದು ಬರೆದ. ಮುಂದಿನ ಚೌಕದ 'ವ್ಯರ್ಥ'ವನ್ನು ಅವಳೇ ತನ್ನ ಪೆನ್ನಿನಿಂದ ಹೊಡೆದಳು. ಮೇಜು ಉಳಿಯುತ್ತದೆ, ಇನ್ನು ಮೇಲೆ ತಿರಸ್ಕರಿಸಿದ್ದನ್ನು ಒಡೆದು ಬರೆದಿಡಬೇಕು ಎಂದು ದ್ರೌಪತಿಗೆ ಹೇಳಿದಳು. ದ್ರೌಪತಿ ತಲೆಯಾಡಿಸಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡಳು. ಏಳು ವರ್ಷದಲ್ಲಿ ಅದನ್ನು ಮನೆಗೆ ಒಯ್ದದ್ದು ಅದೇ ಮೊದಲು.

ಗೇಟಿನ ಹೊರಗೆ ಈಗ ಯಾರೂ ಇರಲಿಲ್ಲ. ಸಂಜೆಯ ಬೆಳಕು ರಸ್ತೆಯ ಧೂಳಿನಲ್ಲಿ ನಿಂತಿತ್ತು. ಬಸವಕಲ್ಯಾಣದ ಬಸ್ಸಿಗೆ ಅವನು, ದುಬಲಗುಂಡಿಯ ಬಸ್ಸಿಗೆ ಅವಳು, ಒಂದೇ ಬೇವಿನ ಮರದ ಕೆಳಗೆ ನಿಂತರು. ಅವನಿಗೆ ಕ್ಷಮೆ ಕೇಳಬೇಕೆನಿಸಿತ್ತು, ಆದರೆ ಕೇಳಿದರೆ ಅವಳು ಏನಾದರೂ ಹೇಳಬೇಕಾಗುತ್ತದೆ. ಆ ಭಾರವನ್ನೂ ಅವಳ ಮೇಲೆ ಹಾಕುವುದು ಸರಿಯೆನಿಸಲಿಲ್ಲ. ಮನೆಗೆ ಹೋಗಿ ಮೀರಾಬಾಯಿಗೆ ಹೇಳಬೇಕು. ಅವಳಿಗೂ ಗೊತ್ತಿರಬೇಕು. ಬಹುಶಃ ಅವಳೂ ಕಾಯುತ್ತಿರಬೇಕು. ಹೀಗೆ ಯೋಚಿಸುತ್ತಿದ್ದವನಿಗೆ ಎಡಗೆನ್ನೆಯ ಹತ್ತಿರ ಗಾಳಿ ಅಲುಗಿದಂತಾಯಿತು. ಈ ಸಲ ದಣಿವಿಗೋ, ಇನ್ನು ಬೇಕಾಗಿಲ್ಲವೆಂದೋ, ದ್ರೌಪತಿ ಅವನ ಎಡಗಡೆ ನಿಂತಿದ್ದಳು. ಅವಳ ತುಟಿ ಅಲ್ಲಾಡಿ ನಿಂತದ್ದು ಕಣ್ಣಂಚಿಗೆ ಕಂಡಿತು. ಹೂಂ ಎಂಬುದು ಎದ್ದು ಅವನ ಗಂಟಲಿನವರೆಗೆ ಬಂತು. ಅವನು ಅದನ್ನು ಅಲ್ಲೇ ತಡೆದು ಹಿಡಿದ.

"ಏನಂದ್ರಿ?" ಎಂದ.

ಎರಡು ವರ್ಷದಲ್ಲಿ ಅವನು ಯಾರನ್ನೂ ಕೇಳಿರದ ಪ್ರಶ್ನೆ ಅದು. ಅವಳು ಅವನ ಕಡೆ ತಿರುಗಿ ನೋಡಿ, ಅವಸರವಿಲ್ಲದೆ ಹಿಂದಿನಿಂದ ಸುತ್ತಿ ಬಲಕ್ಕೆ ಬಂದಳು.

"ಬಸ್ ಬರೂದು ತಡ ಅದರಿ. ನಿಂದ್ರಬೇಕಾಗ್ತದ."

ಅವನು ನಿಂತ.